ಸೂರಿನ ನೀರು

ಗೋಡೆಯ ಬಿರುಕಿಗೆ ಬೆಳಿಗ್ಗೆ ತುರುಕಿದ್ದ ಹಳೆಯ ಬಟ್ಟೆ ಸಂಜೆಯ ಹೊತ್ತಿಗೆ ತೊಟ್ಟಿಕ್ಕುತ್ತಿತ್ತು. ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮಂಚದ ಹಿಂದೆ ಬಗ್ಗಿ ಅದನ್ನು ಎಳೆದು ತೆಗೆದಳು. ಬಟ್ಟೆಯ ಜೊತೆಗೆ ಒಂದು ಹಿಡಿ ಮಣ್ಣೂ ಬಂತು. ಬಿರುಕಿನೊಳಗೆ ಬೆರಳಿಟ್ಟು ನೋಡಿದಳು. ಮೊದಲ ಮಳೆಯ ಹೊತ್ತಿಗೆ ಉಗುರಷ್ಟೇ ಹೋಗುತ್ತಿದ್ದ ಕಡೆ ಈಗ ಬೆರಳಿನ ಎರಡು ಗೆಣ್ಣು ಸಲೀಸಾಗಿ ಹೋದವು. ಒಳಗೆಲ್ಲ ತಣ್ಣಗೆ, ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು.

ಮಂಚದ ಮೇಲಿದ್ದ ಗಂಡ ಅವಳನ್ನೇ ನೋಡುತ್ತಿದ್ದ. "ಬೇಡ," ಎಂದ.

ಏನಿಲ್ಲ, ಗೋಡೆಗೆ ಸ್ವಲ್ಪ ಥಂಡಿ ಹಿಡಿದಿದೆ ಅಷ್ಟೇ ಎಂದು ಅವಳು ಸಮಾಧಾನ ಹೇಳಿದಳು. ಅವನು ಇನ್ನೂ ಜೋರಾಗಿ "ಬೇಡ, ಬೇಡ" ಎಂದಾಗ ಬಾಯಾರಿದೆ ಎಂದು ಗೊತ್ತಾಯಿತು. ಮಣ್ಣಿನ ಕೈ ತೊಳೆದುಕೊಂಡು ಬಂದು, ಅವನ ಕತ್ತಿನ ಕೆಳಗೆ ತೋಳು ಕೊಟ್ಟು ಎತ್ತಿ, ನೀರು ಕುಡಿಸಿದಳು. ಅರ್ಧ ನೀರು ಬಾಯಿಯ ಬಲಗಡೆಯಿಂದ ಸೋರಿ ಅವಳ ಮೊಣಕೈಗಿಳಿಯಿತು.

ಅವನು ಬಸ್ಸಿನ ಡ್ರೈವರ್ ಆಗಿದ್ದವನು. ಚಳಿಗಾಲದ ಒಂದು ಬೆಳಿಗ್ಗೆ ಡಿಪೋದಲ್ಲಿ ಬಸ್ಸು ಹತ್ತಲೆಂದು ಕಾಲೆತ್ತಿದವನು ಎತ್ತಿದ ಕಾಲನ್ನು ಇಡಲಾಗದೆ ಅಲ್ಲೇ ಕುಸಿದಿದ್ದ. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತೆಲ್ಲ ಹೋಗಿ ಒಂದೇ ಒಂದು ಮಾತು ಉಳಿಯಿತು. ಹಸಿವಾದರೂ ಬೇಡ, ಹೊಟ್ಟೆ ತುಂಬಿದರೂ ಬೇಡ. ಕಿಟಕಿ ತೆಗೆ ಅನ್ನುವುದಕ್ಕೂ ಅದೇ, ಮುಚ್ಚು ಅನ್ನುವುದಕ್ಕೂ ಅದೇ. ಹೌದೆಂದು ತಲೆಯಾಡಿಸಲು ಹೋದರೂ ಅದು ಅಡ್ಡಡ್ಡವೇ ಆಡುತ್ತಿತ್ತು. ಕಣ್ಣು ನೋಡಿ ಅವನ ಮನಸ್ಸು ತಿಳಿಯಬೇಕು, ಆ ವಿದ್ಯೆ ಅವಳೊಬ್ಬಳಿಗೇ ಬರುತ್ತಿತ್ತು. ತಲೆಯೊಳಗೆ ಎಲ್ಲ ನೆಟ್ಟಗಿದೆ, ತಿಂಗಳುಗಟ್ಟಲೆ ಕಳೆದ ಮೇಲೆ ಮಾತು ತಿರುಗಿ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದರು.

ಹಾಗೆ ನೋಡಿದರೆ ಅವನು ಮೊದಲೂ ಮಾತಿನ ಮಲ್ಲನೇನಲ್ಲ. ಡಿಪೋದಲ್ಲಿ ಅವನನ್ನು ಎಲ್ಲರೂ ಹಾರ್ನು ಎಂದೇ ಕರೆಯುತ್ತಿದ್ದರು. ಎಷ್ಟು ಒತ್ತಿದರೂ ಸದ್ದು ಬರದ ಹಾರ್ನು ಎಂಬ ತಮಾಷೆ ಅದು. ಮದುವೆಯಾದ ಹೊಸದರಲ್ಲಿ, ಇವರ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬಾವಿ ತೋಡುವುದು ಸುಲಭ ಎಂದು ಅವಳೇ ತವರಿನಲ್ಲಿ ಹೇಳಿ ನಗಿಸಿದ್ದಳು. ಆದರೆ ಮಾತಾಡದಿರುವುದು ಬೇರೆ, ಆಡಲಾಗದಿರುವುದು ಬೇರೆ. ಮಾತು ಹೋದವನನ್ನು ಜನ ಬುದ್ಧಿ ಹೋದವನ ಹಾಗೆ ಕಾಣುತ್ತಾರೆ ಎಂಬುದನ್ನು ಅವಳು ಆಸ್ಪತ್ರೆಯಲ್ಲೇ ನೋಡಿದ್ದಳು. ಪಕ್ಕದ ಮಂಚದ ಮುದುಕನನ್ನು ನೋಡಲು ಬಂದವರು ಅವನೆದುರೇ ಅವನ ಬಗ್ಗೆ, ಇಲ್ಲದ ಮನುಷ್ಯನ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು. ಅದಕ್ಕೇ ಮನೆಗೆ ಕರೆತಂದ ಮೇಲೆ ಯಾರು ಕೇಳಿದರೂ "ಪರವಾಗಿಲ್ಲ, ಮಾತಾಡ್ತಾರೆ" ಎನ್ನುತ್ತಿದ್ದಳು. ನೋಡಲು ಬಂದವರನ್ನು, ಈಗ ತಾನೇ ನಿದ್ದೆ ಹತ್ತಿದೆ ಎಂದು ಹೊಸ್ತಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದಳು. ಮೊದಮೊದಲು ಹಾಗೆ ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಬರಬರುತ್ತ ಅದೂ ರೂಢಿಯಾಯಿತು.

ಮನೆ ಒಂದೇ, ಸೂರು ಒಂದೇ, ಒಲೆ ಎರಡು. ಮಾವ ಕಟ್ಟಿಸಿದ ಉದ್ದನೆಯ ಕಲ್ಲುಮಣ್ಣಿನ ಮನೆಯ ನಡುವೆ ಇಟ್ಟಿಗೆಯ ಒಂದು ತೆಳು ಗೋಡೆ ಎದ್ದಿತ್ತು. ರಸ್ತೆಯ ಕಡೆಯ ಅರ್ಧ ಇವರದು, ಒಳಗಿನ ಅರ್ಧ ಮೈದುನನದು. ಮೈದುನ ವೆಲ್ಡರ್. ದೂರದೂರದ ಸೇತುವೆ ಕೆಲಸಗಳಿಗೆ ಹೋಗುತ್ತಿದ್ದವನು. ಅಪ್ಪ ಸತ್ತಾಗ ಅವನು ಅಂಥದೇ ಒಂದು ಕೆಲಸದಲ್ಲಿದ್ದ. ಸುದ್ದಿ ತಡವಾಗಿ ಮುಟ್ಟಿ, ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ಯಾಕೆ ತಿಳಿಸಲಿಲ್ಲ ಎಂದು ಅಣ್ಣನನ್ನು ಕೇಳಿದ. ಅಣ್ಣ ಸುಮ್ಮನೆ ನಿಂತ. ಅವನು ಅಷ್ಟೆತ್ತರದಲ್ಲಿ ಕೆಲಸ ಮಾಡುವವನು, ಹೆದರಿಸಬೇಡ, ನಾನು ಹುಷಾರಾಗುತ್ತೇನೆ ಎಂದು ಅಪ್ಪನೇ ತಡೆದಿದ್ದ. ಆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಸತ್ತವನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ ಎಂದುಕೊಂಡನೋ, ತನ್ನನ್ನು ಪ್ರಶ್ನೆ ಕೇಳಿದ್ದೇ ಸಿಟ್ಟು ತರಿಸಿತೋ, ಅವಳಿಗೂ ಗೊತ್ತಿಲ್ಲ. ಆಮೇಲೆ ಇಟ್ಟಿಗೆ ಗೋಡೆ ಬಂತು. ಅಣ್ಣತಮ್ಮಂದಿರ ಮಾತು ನಿಂತಿತು. ಹೆಂಗಸರಿಬ್ಬರು ಮಾತ್ರ ಹಿತ್ತಿಲಿನಲ್ಲಿ ಬಟ್ಟೆ ಹರವುವಾಗ, ಗಂಡಂದಿರ ಕಿವಿ ತಪ್ಪಿಸಿ, ಅಷ್ಟಿಷ್ಟು ಆಡಿಕೊಳ್ಳುತ್ತಿದ್ದರು.

ಸೂರಿನ ನೀರೆಲ್ಲ ಹಿತ್ತಿಲಿಗೇ ಇಳಿಯುತ್ತಿತ್ತು. ಹಿತ್ತಿಲು ಮನೆಯ ಕಡೆಗೇ ಇಳಿಜಾರು. ಆದ್ದರಿಂದ ಬಿದ್ದ ನೀರು ಎಲ್ಲೂ ಹೋಗದೆ ಗೋಡೆಯ ಬುಡದಲ್ಲೇ ನಿಂತು ಇಂಗುತ್ತಿತ್ತು. ಈ ಬೇಸಿಗೆಯಲ್ಲಿ ವೆಲ್ಡರ್ ತನ್ನ ಅರ್ಧಕ್ಕೆ ಸೂರಿನಂಚಿನುದ್ದಕ್ಕೂ ಮಳೆನೀರು ಹಿಡಿಯುವ ತಗಡಿನ ದೋಣಿ ಕಟ್ಟಿದ. ಒಳ್ಳೆಯ ಕೆಲಸಗಾರ, ನೀರು ರಸ್ತೆಯ ಕಡೆ ಹರಿಯುವಂತೆ ವಾಟ ಕೊಟ್ಟು ಕಟ್ಟಿದ್ದ. ಆದರೆ ರಸ್ತೆ ಮುಟ್ಟಬೇಕಾದರೆ ದೋಣಿ ಅಣ್ಣನ ಸೂರನ್ನು ದಾಟಬೇಕು. ಇಟ್ಟಿಗೆ ಗೋಡೆಯ ನೇರಕ್ಕೆ ಬಂದು ಕೆಲಸ ನಿಂತಿತು. ಉಳಿದರ್ಧಕ್ಕೆ ಬೇಕಾದ ತಗಡನ್ನೂ ಬಗ್ಗಿಸಿ ತನ್ನ ಜಗಲಿಯ ಮೇಲೆ ಒಂದರೊಳಗೊಂದು ಜೋಡಿಸಿಟ್ಟಿದ್ದ. ದೋಣಿಯ ತೆರೆದ ಬಾಯಿಯ ಕೆಳಗೆ ಸದ್ಯಕ್ಕೆಂದು ಒಂದು ಡ್ರಮ್ಮು ನಿಲ್ಲಿಸಿದ.

ಅಷ್ಟರಲ್ಲೇ ಮಳೆಗಾಲ ಬಂತು. ಡ್ರಮ್ಮು ತುಂಬಲು ಒಂದು ಗಳಿಗೆ ಸಾಕಾಗುತ್ತಿತ್ತು. ಆಮೇಲೆ ಅರ್ಧ ಮನೆಯ ನೀರೆಲ್ಲ ಒಂದೇ ಕಡೆ, ಡ್ರೈವರನ ಮಂಚವಿದ್ದ ಮೂಲೆಯ ಹೊರಗೆ, ದಬದಬ ಬೀಳತೊಡಗಿತು.

ಅವಳು ಓರಗಿತ್ತಿಯನ್ನು ಹಿತ್ತಿಲಿನಲ್ಲಿ ಹಿಡಿದು, ಆ ದೋಣಿಯನ್ನು ರಸ್ತೆಯವರೆಗೆ ಎಳೆದುಬಿಡಲು ಹೇಳು ಎಂದು ಕೇಳಿಕೊಂಡಳು. ಓರಗಿತ್ತಿ ಗಂಡನನ್ನು ಕೇಳಿ ಮಾರನೆಯ ದಿನ ಉತ್ತರ ತಂದಳು. ಅವಳ ಮುಖ ಸಪ್ಪಗಿತ್ತು.

"ನಾನೇನು ಬೇಡ ಅಂದಿಲ್ಲ, ತಗಡು ತಂದಿಟ್ಟುಕೊಂಡೇ ಕೂತಿದೀನಿ ಅಂತಾರೆ ಅಕ್ಕ. ಅವನ ಸೂರು, ಅವನು ಹೇಳ್ಲಿ. ನನ್ನ ಮುಖ ನೋಡಿ ಒಂದು ಮಾತು, ಹಾಕು ಅಂತ ಅಂದ್ರೆ ಸಾಕು, ಅವತ್ತೇ ಹಾಕ್ತೀನಿ ಅಂತ."

ಅಲ್ಲೇ ಹೇಳಿಬಿಡಬೇಕಿತ್ತು. ಅವಳ ಬಾಯಿಗೂ ಬಂದಿತ್ತು. ಆದರೆ ಅಷ್ಟು ತಿಂಗಳಿಂದ ಆಡಿಕೊಂಡು ಬಂದ ಮಾತು ಅಡ್ಡ ನಿಂತಿತು. ಗೋಡೆಯಾಚೆಯಿಂದ ಬೆಳಿಗ್ಗೆ ಸಂಜೆ ಬೇಡ ಬೇಡ ಅನ್ನುವುದು ಕೇಳಿಸುತ್ತದೆ, ಭಾವ ಈಗ ನಿಮ್ಮ ಮೇಲೆ ರೇಗುವುದು ಜಾಸ್ತಿಯಾ ಎಂದು ಓರಗಿತ್ತಿ ಮರುಕದಿಂದ ಕೇಳಿದಳು. ಕಾಯಿಲೆಯವರಲ್ಲವಾ, ಊಟಕ್ಕೆ ಹಟ ಮಾಡುತ್ತಾರೆ ಎಂದು ಇವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಬಂದುಬಿಟ್ಟಳು.

ಆ ಸಂಜೆಯಿಂದ ಅವಳು ಗಂಡನಿಗೆ ಒಂದು ಮಾತು ಕಲಿಸಲು ಕೂತಳು. ಮಂಚದ ಅಂಚಿನಲ್ಲಿ ಅವನ ಎದುರಿಗೆ ಕೂತು, ತನ್ನ ಬಾಯಿಯನ್ನು ಬೆರಳಿನಿಂದ ತೋರಿಸಿ, "ಹಾಕು ಅನ್ನಿ," ಎಂದಳು. ಅವನು ಅವಳ ತುಟಿಗಳನ್ನೇ ನೋಡಿದ. ಯಾಕೆಂದು ಅವನಿಗೆ ಗೊತ್ತಿತ್ತು. ತಲೆಯ ಹಿಂದೆಯೇ ನೀರು ಬೀಳುತ್ತಿತ್ತಲ್ಲ. ಬಾಯಿ ತೆರೆದ, ಕತ್ತಿನ ನರ ಉಬ್ಬಿತು, ಒಂದು ಉಸಿರು ಹಾ ಎಂಬಂತೆ ಹೊರಬಂತು. ಅವಳು ಇನ್ನೂ ಹತ್ತಿರ ಸರಿದಳು. ಅಷ್ಟೇ, ಅಷ್ಟೇ, ಇನ್ನೊಂದು ಚೂರು ಎಂದು ಹುರಿದುಂಬಿಸಿದಳು. ಅವನು ಮತ್ತೆ ಹಾ ಎಂದ. ಕಣ್ಣು ಮುಚ್ಚಿ ಇದ್ದ ಬಲವನ್ನೆಲ್ಲ ಒಟ್ಟು ಮಾಡಿದ. "ಬೇಡ," ಎಂದ.

ಅವಳಿಗೆ ನಗು ಬಂದುಬಿಟ್ಟಿತು. ಅವನೂ ಬಾಯಿಯ ಒಂದು ಕಡೆಯಿಂದ ನಕ್ಕ. ಇಬ್ಬರೂ ಅಷ್ಟು ನಕ್ಕು ಎಷ್ಟೋ ಕಾಲವಾಗಿತ್ತು. ಆದರೆ ಅವನ ನಗು ನಿಲ್ಲಲಿಲ್ಲ. ಹಾಗೇ ಎಳೆದುಕೊಂಡು ಹೋಗಿ ಅಳುವಾಯಿತು. ಅವಳು ಅವನ ತಲೆಯನ್ನು ತೋಳಿಗೆ ಒತ್ತಿ ಹಿಡಿದುಕೊಂಡು ಗೋಡೆಯಾಚೆಗೆ ಸದ್ದು ಹೋಗದಂತೆ ರೇಡಿಯೋ ಜೋರು ಮಾಡಿದಳು.

ದಿನಾ ಸಂಜೆ ಅದೇ ಪಾಠ ನಡೆಯಿತು. ಉಳಿದದ್ದನ್ನು ಅವಳು ಕೈಯಲ್ಲೇ ಮಾಡತೊಡಗಿದಳು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಳು. ಅದಕ್ಕಿಂತ ಎಳೆದರೆ ಬಾಗಿಲು ತೆರೆಯುತ್ತಿರಲಿಲ್ಲ, ಅಡುಗೆಮನೆಯ ಕಿರುಬಾಗಿಲಲ್ಲಿ ಮಂಚ ಹಿಡಿಸುತ್ತಿರಲಿಲ್ಲ. ಹಳೆಯ ಬಾಣಲೆಯೊಂದನ್ನು ಸಲಿಕೆ ಮಾಡಿಕೊಂಡು ಡ್ರಮ್ಮಿನ ಬುಡದಿಂದ ರಸ್ತೆಯ ಕಡೆಗೆ ಕಾಲುವೆ ತೋಡಿದಳು. ಕೆಲಸಕ್ಕೆ ಹೋಗುವ ಮುಂಚೆ ತೋಡಿದ್ದನ್ನು ಬರುವಷ್ಟರಲ್ಲಿ ಕೆಸರು ಮುಚ್ಚಿರುತ್ತಿತ್ತು. ಡ್ರಮ್ಮನ್ನು ಪಕ್ಕಕ್ಕೆ ಸರಿಸಲು ನೋಡಿದಳು. ತುಂಬಿದ ಡ್ರಮ್ಮು ಆನೆಯ ಹಾಗೆ ಕೂತಿತ್ತು. ಒಂದು ದಿನ ಕಾಲುವೆಯಲ್ಲಿ ಬಗ್ಗಿದ್ದವಳು ತಲೆಯೆತ್ತಿದಾಗ ವೆಲ್ಡರ್ ತನ್ನ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದ. ಏನೋ ಹೇಳಲು ಬಂದವನಂತೆ ಎರಡು ಹೆಜ್ಜೆ ಇಳಿದು, ಮತ್ತೆ ಒಳಗೆ ಹೋದ.

ಮುಂದಿನ ಬಿಡುವಿನ ದಿನ ತಾನೇ ಅವನ ಬಾಗಿಲಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕೆಂದು ಅವಳು ನಿಶ್ಚಯ ಮಾಡಿದಳು. ಹೋದರೆ ಮಾನ ತಾನೇ ಹೋಗುವುದು ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ನಿಶ್ಚಯಿಸಿದ ಮೇಲೆ ಎದೆ ಹಗುರಾಯಿತು.

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡದೊಂದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಹೋಟೆಲುಗಳ, ಆಸ್ಪತ್ರೆಗಳ ಹಾಸುಬಟ್ಟೆಗಳು ಗುಡ್ಡೆಗುಡ್ಡೆಯಾಗಿ ಬರುತ್ತಿದ್ದವು. ಇಬ್ಬಿಬ್ಬರು ಎದುರುಬದುರು ನಿಂತು, ಒದ್ದೆ ಹಾಸನ್ನು ಝಾಡಿಸಿ, ಇಸ್ತ್ರಿ ಮಾಡುವ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಅಲ್ಲಿ ಮಳೆಯ ಸದ್ದೂ ಕೇಳುವುದಿಲ್ಲ, ಹೊರಗಿನ ಬೆಳಕೂ ಕಾಣುವುದಿಲ್ಲ. ಆ ಬಿಡುವಿನ ದಿನ ಬರುವ ಮೊದಲೇ ಒಂದು ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಮೇಸ್ತ್ರಿ ಬಂದು ಅವಳ ಭುಜ ಮುಟ್ಟಿದ. ಅವನು ಕೆಲಸದವರನ್ನು ಮುಟ್ಟಿ ಮಾತಾಡಿಸುವವನಲ್ಲ. ಅವಳು ಕೈಯಲ್ಲಿದ್ದ ಹಾಸಿನ ತುದಿಯನ್ನು ಎದುರಿನವಳು ಹಿಡಿದುಕೊಳ್ಳುವವರೆಗೂ ಬಿಡಲಿಲ್ಲ. ಆಮೇಲೆ, ಏನಾಯಿತು ಎಂದೂ ಕೇಳದೆ, ಹೊರಟಳು.

ಮನೆಯ ಹತ್ತಿರ ಬಂದಾಗ ರಸ್ತೆಯಲ್ಲಿ ಜನ ನಿಂತಿದ್ದರು. ಮೂಲೆಯ ಬುಡ ಕುಸಿದು, ಹಿಂದಿನ ಗೋಡೆ ಹೊರಕ್ಕೆ ಬೀಳುವ ಬದಲು ಒಳಕ್ಕೆ ಬಿದ್ದಿತ್ತು. ಆ ಮೂಲೆಯ ತೊಲೆ ಒಂದು ಕಡೆ ಇಳಿದು ಮಂಚದ ತಲೆದಿಂಬಿನ ಜಾಗದಲ್ಲಿ ನಿಂತಿತ್ತು. ಕಲ್ಲುಗಳ ನಡುವೆ ರೇಡಿಯೋ, ಒಂದು ಚಪ್ಪಲಿ, ಅವಳು ಬೆಳಿಗ್ಗೆ ತುರುಕಿದ್ದ ಬಟ್ಟೆ. ಮಂಚ ಖಾಲಿಯಿತ್ತು. ವೆಲ್ಡರ್ ಮಳೆಯಿಂದ ಕೆಲಸವಿಲ್ಲದೆ ಮನೆಯಲ್ಲೇ ಇದ್ದನಂತೆ. ಸದ್ದಾದ ಕೂಡಲೇ ಬಿದ್ದ ಗೋಡೆಯ ಕಂಡಿಯಿಂದಲೇ ಒಳಗೆ ನುಗ್ಗಿ, ತೊಲೆಯನ್ನು ಹೆಗಲಿನಲ್ಲಿ ಎತ್ತಿ ಹಿಡಿದು, ಹೆಂಡತಿಯ ಕೈಯಿಂದ ಅಣ್ಣನನ್ನು ಎಳೆಸಿದನಂತೆ. ಯಾರದೋ ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದಾನೆ, ಉಸಿರಿತ್ತು ಎಂದು ಜನ ಹೇಳಿದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ವೆಲ್ಡರ್ ಬೆಂಚಿನ ಮೇಲೆ ಕೂರದೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಹೆಗಲಿನ ಅಂಗಿ ಹರಿದು ರಕ್ತ ಒಣಗಿತ್ತು. ಅಣ್ಣನನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ, ಎದೆಗೆ ಪೆಟ್ಟಾಗಿದೆ, ಡಾಕ್ಟರು ಏನೂ ಹೇಳುತ್ತಿಲ್ಲ ಎಂದು ಅವಳಿಗೆ ವರದಿ ಒಪ್ಪಿಸಿದ. ಅವಳೂ ಅವನಿಂದ ಅಷ್ಟು ದೂರದಲ್ಲಿ ನೆಲದ ಮೇಲೆ ಕೂತಳು. ಜನ ಅವರ ಕಾಲುಗಳನ್ನು ದಾಟಿಕೊಂಡು ಓಡಾಡುತ್ತಿದ್ದರು.

ಅವನು ತಲೆಯೆತ್ತದೆ ಮಾತಾಡಿದ.

"ನಿನ್ನೆ ಬಂದಿದ್ದೆ ಅತ್ತಿಗೆ. ನೀವು ಕೆಲಸಕ್ಕೆ ಹೋದ ಮೇಲೆ."

ಅವಳು ಅವನ ಕಡೆ ತಿರುಗಿದಳು. ಮೊನ್ನೆ ಸೂರಿನ ಮೇಲೆ ಹತ್ತಿದಾಗ ಹೊರಗಿನ ಬಿರುಕು ಕಂಡಿತು, ರಾತ್ರಿಯೆಲ್ಲ ಮನಸ್ಸು ತಡೆಯಲಿಲ್ಲ, ಚಿಕ್ಕವನು ನಾನೇ ಸೋಲೋಣ ಅಂತ ಹೋದೆ ಎಂದು ಅವನು ಹೇಳಿದ. ಚಿಲಕ ತೆಗೆದು ಒಳಗೆ ಹೋದಾಗ ಅಣ್ಣ ಎಚ್ಚರವಾಗಿದ್ದನಂತೆ. ಇವನನ್ನು ನೋಡಿ ಎಡಗೈ ಎತ್ತಿದನಂತೆ.

"ದೋಣಿ ಹಾಕ್ಲಾ ಅಂತ ಕೇಳ್ದೆ. ಬೇಡ ಅಂದ. ನೀರು ಬುಡ ತಿಂತಾ ಇದೆ, ಹಾಕ್ತೀನಿ ಅಂದೆ. ಬೇಡ ಅಂದ. ಅಪ್ಪನ ವಿಷಯ ಬಿಟ್ಬಿಡೋಣ ಅಂತಾನೂ ಅಂದೆ. ಅದಕ್ಕೂ ಬೇಡ ಅಂದ. ನನ್ನ ಮಣಿಕಟ್ಟು ಹಿಡ್ಕೊಂಡಿದ್ದ, ಗಟ್ಟಿಯಾಗಿ. ಜಗಳಕ್ಕೆ ಹಿಡ್ದ ಅಂದ್ಕೊಂಡೆ. ಒಂದೊಂದೇ ಬೆರಳು ಬಿಡಿಸ್ಕೊಂಡು ಬಂದೆ."

ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಕಾರಿಡಾರಿನ ಕೊನೆಯಲ್ಲಿ ಯಾರೋ ನೆಲ ಒರೆಸುತ್ತ ಬಕೆಟ್ಟನ್ನು ಕಾಲಿನಿಂದ ತಳ್ಳಿಕೊಂಡು ಬರುತ್ತಿದ್ದರು. ಆ ಸದ್ದು ಹತ್ತಿರ ಬಂದು, ಅವರ ಮುಂದೆ ಹಾದು, ಆಚೆ ಹೋಯಿತು.

"ಅವರಿಗೆ ಬರ್ತಿದ್ದಿದ್ದು ಅದೊಂದೇ ಮಾತು," ಎಂದಳು. "ನೀರು ಕೇಳೋದಕ್ಕೂ ಅದೇ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಅವನ ಕೈಯಲ್ಲಿ ಕಂಡಿತು. ಮೊಣಕಾಲಿನ ಮೇಲಿದ್ದ ಎರಡೂ ಕೈ ಜಾರಿ ನೆಲಕ್ಕೆ ಬಿದ್ದವು.

"ಮಾತಾಡ್ತಾರೆ ಅಂದಿದ್ರಲ್ಲ ಅತ್ತಿಗೆ."

"ಅಂದಿದ್ದೆ."

ಒಬ್ಬರನ್ನೊಬ್ಬರು ದೂರಲು ಬೇಕಾದಷ್ಟಿತ್ತು. ಯಾರು ಶುರು ಮಾಡಿದರೂ ಅದು ತಿರುಗಿ ತಮ್ಮ ಬಾಗಿಲಿಗೇ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಡ್ರೈವರ್ ಕೆಲವು ದಿನ ಉಸಿರಾಡಿದ. ಕಣ್ಣು ತೆರೆಯಲಿಲ್ಲವಾದ್ದರಿಂದ ಅವನ ಮನಸ್ಸು ತಿಳಿಯುವ ದಾರಿ ಅವಳಿಗೂ ಇರಲಿಲ್ಲ. ಒಳಗೆ ಬಿಟ್ಟಾಗಲೆಲ್ಲ ಅವಳು ಅವನ ಎಡಗೈ ಹಿಡಿದು ಕೂತಳು. ತಮ್ಮನೂ ಒಂದು ಸಲ ಒಳಗೆ ಹೋದ. ಬಹಳ ಹೊತ್ತು ಮಂಚದ ಕಾಲ ಬಳಿ ನಿಂತಿದ್ದ. ಅಪ್ಪ ಬೇಡ ಅಂದಿದ್ದಕ್ಕೇ ಅಣ್ಣ ಸುದ್ದಿ ಕಳಿಸಲಿಲ್ಲ ಎಂಬುದನ್ನು ಅವಳು ಅವತ್ತು ಅವನಿಗೆ ಹೇಳಿದ್ದಳು. ಹೇಳಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ, ಹೇಳದೆ ಇಟ್ಟುಕೊಳ್ಳುವುದು ಇನ್ನು ಅವಳಿಂದ ಸಾಧ್ಯವಿರಲಿಲ್ಲ. ಒಂದು ಬೆಳಿಗ್ಗೆ, ಅವಳು ಮುಖ ತೊಳೆದು ಬರುವಷ್ಟರಲ್ಲಿ, ಗಂಡನ ಉಸಿರು ನಿಂತಿತ್ತು.

ಎಲ್ಲ ಮುಗಿದ ಮೇಲೆ ಓರಗಿತ್ತಿ, ನಮ್ಮ ಕಡೆಯೇ ಬಂದು ಇರಿ ಅಕ್ಕ ಎಂದು ಕರೆದಳು. ಅವಳು ಒಪ್ಪಲಿಲ್ಲ. ಅಡುಗೆಮನೆ ಗಟ್ಟಿಯಾಗಿತ್ತು, ಅಲ್ಲೇ ಚಾಪೆ ಹಾಸಿಕೊಂಡಳು. ಗೋಡೆ ಬಿದ್ದ ಕೋಣೆಯ ಬಾಗಿಲನ್ನು ಎಳೆದು ಹಗ್ಗ ಕಟ್ಟಿದಳು. ಹಗಲು ಹಾಸುಬಟ್ಟೆ ಝಾಡಿಸುವುದು, ಸಂಜೆ ಬಂದು ಒಬ್ಬಳಿಗೇ ಅಡುಗೆ ಮಾಡಿಕೊಳ್ಳುವುದು. ಅಭ್ಯಾಸಬಲದಿಂದ ಹೆಚ್ಚು ಮಾಡಿ, ಮಿಕ್ಕಿದ್ದನ್ನು ಬೆಳಿಗ್ಗೆ ತಿನ್ನುತ್ತಿದ್ದಳು.

ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ವೆಲ್ಡರ್ ಬಂದ. ಹೇಳಲಿಲ್ಲ, ಕೇಳಲಿಲ್ಲ. ಕುಸಿದ ಬುಡವನ್ನು ಅಗೆದು ಹೊಸ ಕಲ್ಲು ಕೂರಿಸಿದ, ತೊಲೆಗೆ ಕಬ್ಬಿಣದ ಆಸರೆ ಕೊಟ್ಟ. ಗೋಡೆ ಎದ್ದ ಮೇಲೆ ಏಣಿ ತಂದು ಸೂರಿಗೆ ಒರಗಿಸಿದ. ಜಗಲಿಯ ಮೇಲಿದ್ದ ತಗಡುಗಳನ್ನು ಒಂದೊಂದಾಗಿ ಹೊತ್ತು ತಂದ. ಬಿಸಿಲಿಗೆ ಕಾದು ಮಳೆಗೆ ನೆನೆದು ಅವುಗಳ ಅಂಚು ಕೆಂಪಾಗಿತ್ತು. ಉದ್ದನೆಯ ತಗಡು ಒಬ್ಬನ ಕೈಗೆ ನಿಲ್ಲುವುದಲ್ಲ. ಅವನು ಒಂದು ತುದಿಯನ್ನು ಸೂರಿಗೆ ಆನಿಸಿದರೆ ಇನ್ನೊಂದು ತುದಿ ಜಾರಿ ನೆಲಕ್ಕೆ ಬಡಿಯುತ್ತಿತ್ತು. ಹಾಗೆ ಮತ್ತೆ ಮತ್ತೆ ಬಡಿದಾಗ ಅವಳು ಅಡುಗೆಮನೆಯಿಂದ ಎದ್ದು ಬಂದು, ಇನ್ನೊಂದು ತುದಿಯನ್ನು ಕೋಲಿನಿಂದ ಎತ್ತಿ ಹಿಡಿದಳು. ಅವನು ಬೆಸೆಯುವಾಗ ಕಿಡಿಗಳು ಹಾರಿ ಹಿತ್ತಿಲಿನ ಒದ್ದೆ ಮಣ್ಣಿನಲ್ಲಿ ಚುಸ್ ಎಂದು ಆರುತ್ತಿದ್ದವು. ಬೆಳಕಿಗೆ ಕಣ್ಣು ಕೊಡಬೇಡಿ ಎಂದು ಅವನು ಒಂದು ಸಲ ಹೇಳಿದ. ಅವಳು ಮುಖ ತಿರುಗಿಸಿಕೊಂಡು ಹಿಡಿದೇ ನಿಂತಳು.

ದೋಣಿ ಮನೆಯ ಮೂಲೆ ದಾಟಿ, ಬಾಗಿ, ರಸ್ತೆಯ ಚರಂಡಿಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತಾಗ ಬಿಸಿಲು ಇಳಿಯುತ್ತಿತ್ತು. ವಾಟ ಸರಿಯಾಗಿದೆಯೋ ಇಲ್ಲವೋ ನೋಡಬೇಕು, ನೀವು ಕೊನೆಗೆ ಹೋಗಿ ನಿಲ್ಲಿ ಎಂದು ಹೇಳಿ ಅವನು ಕೊಡ ಹಿಡಿದು ಏಣಿ ಹತ್ತಿದ. ಅವಳು ಮನೆಯನ್ನು ಸುತ್ತಿ ರಸ್ತೆಗೆ ಬಂದು ದೋಣಿಯ ಬಾಯಿಯ ಕೆಳಗೆ ನಿಂತಳು. ಅಲ್ಲಿಂದ ಅವನು ಕಾಣುತ್ತಿರಲಿಲ್ಲ. ಆ ಕಡೆ ನೀರು ಸುರಿದ ಸದ್ದು ಕೇಳಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

"ಬಂತಾ ಅತ್ತಿಗೆ?" ಎಂದು ಅವನು ಕೂಗಿ ಕೇಳಿದ.

ತಗಡಿನೊಳಗೆ ಸಣ್ಣಗೆ ಸರಸರ ಎಂದಿತು. ಮೊದಲು ಒಂದಿಷ್ಟು ತುಕ್ಕು, ಬೆಸುಗೆಯ ಕಪ್ಪು ಪುಡಿ, ಒಂದು ಒಣಗಿದ ಎಲೆ ಬಂದವು. ಅವುಗಳ ಹಿಂದೆ ನೀರು ಬಂತು. ದಾರದಷ್ಟು, ಆಮೇಲೆ ಬೆರಳಿನಷ್ಟು. ಅವಳು ಅಂಗೈ ಒಡ್ಡಿದಳು. ಸೂರಿನ ಬಿಸಿಗೆ ಅದು ಬೆಚ್ಚಗಾಗಿತ್ತು.

"ಬಂತು," ಎಂದಳು. ಅವಳ ದನಿ ಮನೆಯ ಆಚೆ ಬದಿಗೆ ಮುಟ್ಟಲಿಲ್ಲ. ಅಲ್ಲಿ ಅವನು ಏಣಿಯಿಂದ ಇಳಿದು, ಕೊಡ ತುಂಬಿಕೊಂಡು, ಮತ್ತೆ ಹತ್ತುವ ಸದ್ದು ಕೇಳಿತು. ಅವನು ಇನ್ನೊಂದು ಕೊಡ ಸುರಿದ. ನೀರು ಅವಳ ಬೆರಳುಗಳ ಸಂದಿಯಿಂದ ಇಳಿದು ಚರಂಡಿಯಲ್ಲಿ ಬಿದ್ದು, ಮುಂದಿನ ಮನೆಗಳ ಎದುರಿನಿಂದ ಹರಿದು ಹೋಗುತ್ತಿತ್ತು.